ಅರೆಬೆಂದ ಚಿನ್ನ

"ಮುಚ್ಚಳ ಪೂರ್ತಿ ಆರೋವರೆಗೂ ಯಾರೂ ಮುಟ್ಟಂಗಿಲ್ಲ. ನಮ್ಮೆಜಮಾನ್ರಿಗೆ ಅದು ಮಡಿ ಇದ್ದಂಗೆ ಮೇಡಂ," ಎಂದಳು ಪುಟ್ಟಲಕ್ಷ್ಮಿ.

ಪಟಾಲಮ್ಮ ಆ ಭಟ್ಟಿಯ ಮುಚ್ಚಳದ ಮುಂದೆಯೇ ತಾರಸಿಯ ನೆಲದ ಮೇಲೆ ಕೂತಿದ್ದರು. ಬಂದೋಬಸ್ತಿನಲ್ಲಿ ನಿಂತೂ ನಿಂತೂ ಸವೆದ ಅವರ ಮಂಡಿಗಳು ಕೂರುವುದಕ್ಕೆ ಒಪ್ಪಿದರೂ ಏಳುವುದಕ್ಕೆ ತಕರಾರು ಮಾಡುತ್ತಿದ್ದವು. ಹಾಗಾಗಿ ಒಮ್ಮೆ ಕೂತರೆ ಕೆಲಸ ಮುಗಿಸಿಯೇ ಏಳುವುದು ಅವರ ಪದ್ಧತಿ.

ಎಎಸ್‌ಐ ಆಗಿ ನಿವೃತ್ತರಾದ ಮೇಲೆ ಅವರು ಕೆಂಗೇರಿ ಉಪನಗರದ ತಮ್ಮ ಮನೆಯ ಗೇಟಿಗೆ ಪತ್ತೇದಾರಿ ಬೋರ್ಡು ತೂಗುಹಾಕಿದ್ದರು. ಬರುತ್ತಿದ್ದುದೆಲ್ಲ ಮದುವೆ ಗಂಡುಗಳ ನಡತೆ ವಿಚಾರಿಸುವ ಕೆಲಸ. ಹುಡುಗ ಕುಡಿಯುತ್ತಾನೋ ಇಲ್ಲವೋ ಎಂದು ಬಾರಿನ ಎದುರು ಎಳನೀರು ಹೀರುತ್ತ ಕಾಯುವ ಕೆಲಸ. ಅದರ ಮುಂದೆ ಗೋವಿಂದರಾಜನಗರದ ಈ ತಾರಸಿಯ ಕೆಲಸ ಅವರಿಗೆ ಹಿಡಿಸಿತ್ತು. ಹಿಡಿಸಿತು ಅಂತ ಅನ್ನಿಸಿದ್ದಕ್ಕೇ ಒಳಗೊಳಗೆ ನಾಚಿಕೆಯೂ ಆಗಿತ್ತು, ಏಕೆಂದರೆ ಎದುರಿಗೆ ನಿಂತಿದ್ದವಳ ಗಂಡ ಸಾವು ಬದುಕಿನ ನಡುವೆ ಇದ್ದ.

ಅಕ್ಕಸಾಲಿಗರ ಅಂಗಡಿಗಳ ಕಸ ಗುಡಿಸಿ ತಂದು ಅದರಿಂದ ಚಿನ್ನ ತೆಗೆಯುತ್ತಿದ್ದ ಪದ್ಮನಾಭ ಗುರುವಾರ ಸಂಜೆ ಈ ತಾರಸಿಯಿಂದ ಮಾತೂ ಹೊರಡದೆ ಕೆಮ್ಮುತ್ತ ಇಳಿದವನು, ಬೆಳಗಾಗುವಷ್ಟರಲ್ಲಿ ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ಗಂಟಲಿಗೆ ಪೈಪು ಹಾಕಿಸಿಕೊಂಡು ಮಲಗಿದ್ದ. ಅವನ ಭಟ್ಟಿಯೊಳಗಿದ್ದ ಚಿನ್ನದ ಉಂಡೆ ಕಾಣೆಯಾಗಿತ್ತು. ತಾರಸಿ ಬಾಗಿಲಿನ ಇನ್ನೊಂದು ಬೀಗದ ಕೈ ಇಟ್ಟುಕೊಂಡಿದ್ದ ಪುಟ್ಟಲಕ್ಷ್ಮಿಯ ತಮ್ಮ ಕಾಂತರಾಜುವನ್ನು ನಿನ್ನೆ ಸಂಜೆ ಪೊಲೀಸರು ಕರೆದೊಯ್ದಿದ್ದರು.

"ಗಂಡ ಆಸ್ಪತ್ರೇಲಿ, ತಮ್ಮ ಠಾಣೇಲಿ. ನಾನು ಯಾರ ಹತ್ರ ಇರ್ಲಿ ಹೇಳಿ," ಎಂದು ಪುಟ್ಟಲಕ್ಷ್ಮಿ ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದಳು. ಪಟಾಲಮ್ಮ ಕೂಡಲೇ ಮೆಟ್ರೊ ಹತ್ತಿ ವಿಜಯನಗರಕ್ಕೆ ಬಂದಿಳಿದಿದ್ದರು.

ಭಟ್ಟಿ ನೋಡಲು ಅಂಥ ದೊಡ್ಡದೇನಲ್ಲ. ದಪ್ಪ ಕಬ್ಬಿಣದ ಒಂದು ಪಾತ್ರೆ, ಅದಕ್ಕೆ ಕಚ್ಚಿ ಕೂರುವ ಮುಚ್ಚಳ, ಮುಚ್ಚಳವನ್ನು ಒತ್ತಿ ಹಿಡಿಯಲು ತಿರುಪು. ಮುಚ್ಚಳದ ನೆತ್ತಿಯಿಂದ ಹೊರಟ ಉದ್ದನೆಯ ಪೈಪು ಬಾಗಿ ಕೆಳಗಿಳಿದು ಒಂದು ಬೋಗುಣಿಯ ಬಾಯಿಗೆ ಬರುತ್ತಿತ್ತು. ಮೇಲೆ ತಗಡಿನ ಶೀಟು, ನಾಲ್ಕು ಕಂಬ, ಗೋಡೆ ಇಲ್ಲ. ಗಾಳಿ ಆಡದ ಕಡೆ ಈ ಕೆಲಸ ಮಾಡಲೇಬಾರದು ಎಂದು ಪದ್ಮನಾಭ ಗೋಡೆ ಎಬ್ಬಿಸಿರಲೇ ಇಲ್ಲವಂತೆ.

ಕೆಲಸದ ಬಗೆಯನ್ನು ಪುಟ್ಟಲಕ್ಷ್ಮಿ ನಿಧಾನವಾಗಿ ವಿವರಿಸಿದಳು. ಕಸವನ್ನು ತೊಳೆದು, ಉಳಿದ ಮರಳಿಗೆ ಪಾದರಸ ಸೇರಿಸಿ ತಿಕ್ಕುತ್ತಾರೆ. ಕಣ್ಣಿಗೆ ಕಾಣದ ಚಿನ್ನದ ಪುಡಿಯನ್ನೆಲ್ಲ ರಸ ಹಿಡಿದುಕೊಳ್ಳುತ್ತದೆ. ಬಟ್ಟೆಯಲ್ಲಿ ಹಾಕಿ ಹಿಂಡಿದರೆ ಹೆಚ್ಚಿನ ರಸ ಸೋರಿಹೋಗಿ ಬೆಳ್ಳಗಿನ ಉಂಡೆ ಉಳಿಯುತ್ತದೆ. ಆ ಉಂಡೆಯಿಂದ ರಸವನ್ನು ಬಿಡಿಸುವುದೇ ಭಟ್ಟಿಯ ಕೆಲಸ. ಕಾದರೆ ರಸ ಆವಿಯಾಗಿ ಮೇಲೇಳುತ್ತದೆ, ಒದ್ದೆ ಗೋಣಿ ಸುತ್ತಿದ ಪೈಪಿನಲ್ಲಿ ತಣ್ಣಗಾಗಿ ಬೋಗುಣಿಯ ನೀರಿಗೆ ತೊಟ್ಟಿಕ್ಕುತ್ತದೆ. ಪೈಪಿನ ತುದಿ ನೀರಿಗೆ ತಾಗಬಾರದು. ತಾಗಿದರೆ ಭಟ್ಟಿ ಆರುವಾಗ ನೀರನ್ನು ಒಳಕ್ಕೆ ಎಳೆದುಕೊಂಡು ಸಿಡಿಯುತ್ತದೆ.

ಪಟಾಲಮ್ಮ ಬಗ್ಗಿ ನೋಡಿದರು. ಪೈಪಿನ ತುದಿಗೂ ನೀರಿಗೂ ನಡುವೆ ಒಂದು ಬೆರಳಿನಷ್ಟು ಜಾಗ ಇನ್ನೂ ಹಾಗೇ ಇತ್ತು. ಶಿಸ್ತಿನ ಮನುಷ್ಯ ಎಂದುಕೊಂಡರು.

"ಸಂಜೆ ಬೆಂಕಿ ಆರಿಸಿ ಬಿಟ್ರೆ, ಬೆಳಿಗ್ಗೆ ತಿಂಡಿ ತಿಂದ ಮೇಲೇ ಅವ್ರು ಮುಚ್ಚಳ ತೆಗೀತಿದ್ದಿದ್ದು," ಎಂದಳು ಪುಟ್ಟಲಕ್ಷ್ಮಿ. "ಬಿಸಿ ಇರೋವಾಗ ತೆಗೆದ್ರೆ ಒಳಗಿನ ಆವಿ ಎಲ್ಲ ಮೂಗಿಗೇ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗೊತ್ತೇ ಆಗಲ್ಲ."

"ತೆಗೆದ ಮೇಲೆ ಚಿನ್ನ ರೆಡಿನಾ?"

ಅಲ್ಲವಂತೆ. ಒಂದು ಸಲ ಕಾಯಿಸಿದ ಉಂಡೆ ಹೊರಗೆ ಹಳದಿಯಾಗಿ ಕಂಡರೂ ಒಳಗೆ ರಸ ಉಳಿದೇ ಇರುತ್ತದೆ. ಮರುದಿನ ಅದನ್ನು ಪುಡಿಮಾಡಿ ಮತ್ತೆ ಭಟ್ಟಿಗಿಡಬೇಕು. ರಸ ಬರುವುದು ಪೂರ್ತಿ ನಿಂತ ಮೇಲೆಯೇ ಅದನ್ನು ಕರಗಿಸಲು ಕೊಡಬಹುದು. ಗುರುವಾರ ಇಟ್ಟಿದ್ದು ಮೊದಲ ಸಲದ್ದು. ಗಟ್ಟಿಯಾಗಿ ಕಾಣುತ್ತಿದ್ದ ಆ ಉಂಡೆ ಅರ್ಧಂಬರ್ಧ ಬೆಂದಿತ್ತು.

ಪಟಾಲಮ್ಮ ಕೈಯಲ್ಲಿ ಹಿಡಿದು ನೋಡುತ್ತಿದ್ದ ಮುಚ್ಚಳವನ್ನು ಕೆಳಗಿಟ್ಟರು. ಇಷ್ಟು ಹೊತ್ತೂ ಅವರು ಕಳ್ಳನಿಗಾಗಿ ಹುಡುಕುತ್ತಿದ್ದರು. ಈಗ ಮೊದಲ ಬಾರಿಗೆ ಆ ಕಳ್ಳನ ಬಗ್ಗೆ ಅವರಿಗೆ ಭಯವಾಯಿತು, ಅವನಿಂದ ಏನಾಗುತ್ತದೋ ಎಂದಲ್ಲ, ಅವನಿಗೆ ಏನಾಗುತ್ತದೋ ಎಂದು.

"ಅದನ್ನ ಯಾರಾದ್ರೂ ಮನೆ ಒಳಗೆ ಕರಗಿಸಿದ್ರೆ ಏನಾಗುತ್ತೆ ಪುಟ್ಟಲಕ್ಷ್ಮಿ?"

ಪುಟ್ಟಲಕ್ಷ್ಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ನಮ್ಮೆಜಮಾನ್ರಿಗೆ ಇಷ್ಟು ಗಾಳಿಲಿ ನಿಂತೂ ಆ ಗತಿ ಆಯ್ತು ಮೇಡಂ. ಬಾಗ್ಲು ಹಾಕಿರೋ ರೂಮಾದ್ರೆ ಒಳಗಿರೋರು ಯಾರೂ ಉಳಿಯಲ್ಲ."

ಪಟಾಲಮ್ಮ ಸಬ್ ಇನ್‌ಸ್ಪೆಕ್ಟರ್ ಗುರುಸಿದ್ದಯ್ಯನಿಗೆ ಫೋನ್ ಮಾಡಿದರು. ಅವನು ಇವರ ಕೈಕೆಳಗೆ ಪೊಲೀಸ್ ಕೆಲಸ ಕಲಿತವನು, ಈಗ ಇವರ ಫೋನ್ ಬಂದರೆ ನಿಟ್ಟುಸಿರು ಬಿಡುವಷ್ಟು ಬೆಳೆದಿದ್ದ. ಉಂಡೆ ಬೆಂಕಿಗೆ ಬೀಳುವ ಮೊದಲು ಸಿಗಬೇಕು, ಅಕ್ಕಸಾಲಿಗರಿಗೆಲ್ಲ ಎಚ್ಚರಿಕೆ ಹೇಳಿಸಬೇಕು ಎಂದರು. ಅವನು ಹೇಳಿಸುತ್ತೇನೆ ಎಂದ. ಆದರೆ ಕಾಂತರಾಜು ಬಾಯಿ ಬಿಟ್ಟರೆ ಎಲ್ಲ ಸರಿಹೋಗುತ್ತದೆ, ಕಳ್ಳನ ಆರೋಗ್ಯ ವಿಚಾರಿಸುವುದು ಆಮೇಲೆ ಎಂದೂ ಸೇರಿಸಿದ. ಪಟಾಲಮ್ಮ ಫೋನಿಟ್ಟು, ಒಂದು ಒಳ್ಳೆಯ ಬೈಗುಳವನ್ನು ಬಾಯಲ್ಲೇ ಜಗಿದು ನುಂಗಿದರು.

ಕಾಂತರಾಜು ಅಲ್ಲ ಎಂದು ಅವರಿಗೆ ಅನ್ನಿಸಲು ಕಾರಣ ಕಂಬದಲ್ಲಿ ನೇತಾಡುತ್ತಿತ್ತು. ಉದ್ದ ಹಿಡಿಯ ಇಕ್ಕಳ, ಅದರ ಪಕ್ಕದ ಮೊಳೆಯಲ್ಲಿ ಮೂಗು ಬಾಯಿ ಮುಚ್ಚುವ ರಬ್ಬರಿನ ಮುಖವಾಡ. ಎರಡರ ಮೇಲೂ ತೆಳ್ಳಗೆ ಧೂಳು ಕೂತಿತ್ತು. ಕಾಂತರಾಜು ಭಾವನ ಜೊತೆ ವರ್ಷಗಟ್ಟಲೆ ಈ ಕೆಲಸ ಮಾಡಿದವನು. ಬಿಸಿ ತಿರುಪು ಬಿಚ್ಚಬೇಕಾದರೆ ಅವನ ಕೈ ತಾನಾಗಿ ಇಕ್ಕಳಕ್ಕೆ ಹೋಗುತ್ತಿತ್ತು.

ಇಲ್ಲಿ ತಿರುಪು ಬಿಚ್ಚಿದವರು ಬಟ್ಟೆ ಹಿಡಿದು ಬಿಚ್ಚಿದ್ದರು. ತಿರುಪಿನ ಕಿವಿಯಲ್ಲಿ ಸುಟ್ಟು ಕರಕಲಾದ ಬಿಳಿ ಬಟ್ಟೆಯ ಚೂರು ಅಂಟಿತ್ತು. ಪೊಲೀಸರೂ ಅದನ್ನು ಕಂಡಿದ್ದರು. ಮಸಿಬಟ್ಟೆ ಎಂದು ಬಿಟ್ಟಿದ್ದರು. ಪಟಾಲಮ್ಮ ಕನ್ನಡಕ ಏರಿಸಿ ಅದನ್ನು ಸೂಜಿಯಿಂದ ಬಿಡಿಸಿದಾಗ, ಕರಕಲಿನ ಮಡಿಕೆಯಿಂದ ಬೆಳ್ಳಗಿನ ಹಗುರ ವಸ್ತುವೊಂದು ಅವರ ಅಂಗೈಗೆ ಉದುರಿತು.

ಅವರು ಅದನ್ನು ಮೂಸಿದರು. ಜೀರಿಗೆ ವಾಸನೆ.

"ನಿಮ್ಮನೇಲಿ ಸಂಡಿಗೆ ಹಾಕ್ತೀರಾ?" ಎಂದು ಕೇಳಿದರು.

ಅಂಗಡಿಯಿಂದ ತರುವುದು, ಹಾಕುವುದಕ್ಕೆ ತನಗೆ ಪುರುಸೊತ್ತೆಲ್ಲಿ ಎಂದಳು ಪುಟ್ಟಲಕ್ಷ್ಮಿ. ತಾರಸಿಯ ಆ ತುದಿಯಲ್ಲಿ ಹಳೆಯ ಬಿಳಿ ಪಂಚೆ ಹಾಸಿ ಒಣಹಾಕಿದ್ದ ಸಂಡಿಗೆ ಮನೆ ಓನರ್ ಅಕ್ಕಯ್ಯಮ್ಮನವರದು. ಮಗಳು ಕವನಾಳ ಮದುವೆ ಹತ್ತಿರ ಬಂದಿದ್ದರಿಂದ ದಿನವೂ ಒಂದು ಪಂಚೆಯಷ್ಟು ಸಂಡಿಗೆ ಮೇಲೆ ಬರುತ್ತಿತ್ತು.

ಪಟಾಲಮ್ಮ ಕೈ ನೀಡಿದರು. ಪುಟ್ಟಲಕ್ಷ್ಮಿ ಅವರನ್ನು ಎಬ್ಬಿಸಿದಳು. ಮಂಡಿಗಳು ತಮ್ಮ ತಕರಾರು ಸಲ್ಲಿಸಿದವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಕ್ಕಯ್ಯಮ್ಮ ಮತ್ತು ಅವರ ಯಜಮಾನರು ಲಿಂಗಪ್ಪ ಇದ್ದುದು ನೆಲಮಹಡಿಯಲ್ಲಿ. ಈ ಬೀದಿಯೆಲ್ಲ ಒಂದು ಕಾಲಕ್ಕೆ ಲಿಂಗಪ್ಪನವರ ತಂದೆಯ ರಾಗಿ ಹೊಲ. ಈಗ ಅದೇ ಹೊಲದಲ್ಲಿ ಅವರ ಬಾಡಿಗೆ ಮನೆಗಳು ಎದ್ದಿದ್ದವು. ತಾರಸಿಯ ಬೀಗದ ಕೈ ಅವರ ಹತ್ತಿರವೂ ಇತ್ತು, ಆದರೆ ಇಷ್ಟು ಇದ್ದವರು ಬಾಡಿಗೆದಾರನ ಉಂಡೆ ಕದಿಯುತ್ತಾರೆ ಎಂದು ಯಾವ ಪೊಲೀಸಿಗೆ ತಾನೇ ಹೊಳೆಯಬೇಕು. ಗುರುವಾರ ಸಂಜೆ ತಾರಸಿಗೆ ಹೋಗಿಲ್ಲ ಎಂದು ಅಕ್ಕಯ್ಯಮ್ಮ ಹೇಳಿದ್ದರು. ಅವರು ಕೊಟ್ಟ ಕಾಫಿ ಕುಡಿದು ಪೊಲೀಸರು ಎದ್ದುಬಂದಿದ್ದರು.

ಬಾಗಿಲಲ್ಲಿ ಚಪ್ಪರಕ್ಕೆ ಕಂಬ ನೆಟ್ಟಿದ್ದರು. ಒಳಗೆ ಮದುವೆ ಮನೆಯ ಸದ್ದೇ ಇರಲಿಲ್ಲ. ಅಕ್ಕಯ್ಯಮ್ಮ ಒಬ್ಬರೇ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ವೀಳ್ಯದೆಲೆ ಒರೆಸುತ್ತಿದ್ದರು. ಸೆರಗನ್ನು ಕತ್ತು ಮುಚ್ಚುವಂತೆ ಹೊದ್ದಿದ್ದರು. ಕಣ್ಣು ಕೆಂಪಾಗಿದ್ದವು.

ಮಿಕ್ಕವರೆಲ್ಲ ಮಹಾಲಕ್ಷ್ಮಿ ಲೇಔಟಿನ ಬೀಗರ ಮನೆಗೆ ಶಾಸ್ತ್ರಕ್ಕೆ ಹೋಗಿದ್ದಾರೆ, ತಾವು ಹೋಗುವಂತಿಲ್ಲ ಎಂದು ಹೇಳಿ ಕೆಮ್ಮಿದರು. ಸುಣ್ಣ ಬಳಿಸಿದ ಧೂಳು ಎಂದು ಕೆಮ್ಮಿಗೆ ಕಾರಣವನ್ನೂ ಕೇಳದೆಯೇ ಕೊಟ್ಟರು. ಗೋಡೆಗಳಿಗೆ ಹೊಡೆಸಿದ್ದು ಹೊಳೆಯುವ ಪೇಂಟು. ಪಟಾಲಮ್ಮ ಅದನ್ನೇನೂ ಎತ್ತಿ ಆಡಲಿಲ್ಲ. ಪುಟ್ಟಲಕ್ಷ್ಮಿಯನ್ನು ಹೊಸಿಲಾಚೆಯೇ ನಿಲ್ಲಿಸಿ ತಾವು ಚಾಪೆಯ ಇನ್ನೊಂದು ತುದಿಗೆ ಕೂತರು, ಒಂದು ಎಲೆ ಎತ್ತಿಕೊಂಡು ಒರೆಸತೊಡಗಿದರು.

ಸ್ವಲ್ಪ ಹೊತ್ತು ಇಬ್ಬರೂ ಎಲೆ ಒರೆಸಿದರು.

ಆಮೇಲೆ ಪಟಾಲಮ್ಮ ಅಂಗೈಯಲ್ಲಿದ್ದುದನ್ನು ಎಲೆಯ ಮೇಲಿಟ್ಟು ಅವರ ಮುಂದೆ ಸರಿಸಿದರು.

"ಇದು ನಿಮ್ಮ ಸಂಡಿಗೆ ಅಕ್ಕಯ್ಯಮ್ಮೋರೆ. ಎಣ್ಣೆ ಕಾಣ್ದೆ ಅರಳಿದೆ. ಭಟ್ಟಿ ತಿರುಪಿನ ಬಿಸಿಗೆ."

ಅಕ್ಕಯ್ಯಮ್ಮ ಸಂಡಿಗೆಯನ್ನು ನೋಡಿದರು. ಕೈಯಲ್ಲಿದ್ದ ಎಲೆಯನ್ನು ಒರೆಸುತ್ತಲೇ ಹೋದರು. ಒರೆಸಿ ಒರೆಸಿ ಅದು ನಡುವೆ ಸೀಳಿತು.

ಪಟಾಲಮ್ಮ ದನಿ ಏರಿಸುವವರಲ್ಲ. ಠಾಣೆಯಲ್ಲಿದ್ದಾಗಲೂ ಗಂಡಸರು ಕೂಗಾಡಿ ಸುಸ್ತಾದ ಮೇಲೆ ಇವರು ಹೋಗಿ ಪಕ್ಕದಲ್ಲಿ ಕೂತು ಊಟ ಆಯ್ತೇ ಎಂದು ಕೇಳುತ್ತಿದ್ದರು, ಅರ್ಧ ಕೇಸು ಅಲ್ಲೇ ಮುಗಿಯುತ್ತಿತ್ತು. ಈಗಲೂ ಅವರು ಇನ್ನೊಂದು ಎಲೆ ಎತ್ತಿಕೊಂಡರು. ಪದ್ಮನಾಭನ ಸ್ಥಿತಿ ಹೇಗಿದೆ ಎಂದು ಹೇಳಿದರು. ಕಾಂತರಾಜು ಎಲ್ಲಿ ಕೂತಿದ್ದಾನೆ ಎಂದೂ ಹೇಳಿದರು. ತಮಗೆ ಯಾರನ್ನೂ ಹಿಡಿದುಕೊಡುವ ಅವಸರವಿಲ್ಲ, ಆದರೆ ಆ ಉಂಡೆ ಬೆಂಕಿ ಕಾಣುವ ಮೊದಲು ಅದನ್ನು ಹಿಡಿಯಬೇಕು, ಅದರೊಳಗೆ ವಿಷವಿದೆ ಎಂದರು.

"ಯಾವ ವಿಷ ಮೇಡಂ," ಎಂದರು ಅಕ್ಕಯ್ಯಮ್ಮ. ಹಾಗೆ ಕೇಳುವಾಗ ಅವರ ಕೈ ಕತ್ತಿನ ಹತ್ತಿರ ಹೋಯಿತು. ಸೆರಗು ಅಷ್ಟರಲ್ಲಿ ಜಾರಿತು.

ಅಲ್ಲಿ ಚಿನ್ನದ ತಾಳಿ ಇರಲಿಲ್ಲ. ಅರಿಸಿನ ದಾರಕ್ಕೆ ಅರಿಸಿನದ ಕೊಂಬು ಕಟ್ಟಿಕೊಂಡಿದ್ದರು.

ಮಗಳ ಮದುವೆಯ ಹೊತ್ತಿನಲ್ಲಿ ಮುತ್ತೈದೆಯೊಬ್ಬಳ ತಾಳಿ ಎಲ್ಲಿಗೆ ಹೋಯಿತು ಎಂದು ಪಟಾಲಮ್ಮ ಕೇಳಬೇಕಾಗಲಿಲ್ಲ. ಅಕ್ಕಯ್ಯಮ್ಮನೇ ಸೀಳಿದ ಎಲೆಯನ್ನು ಪಕ್ಕಕ್ಕಿಟ್ಟು ಬಾಯಿಬಿಟ್ಟರು.

ಶುರುವಾದದ್ದು ಒಂದು ಹನಿಯಿಂದ. ಹೋದ ವಾರ ಸಂಡಿಗೆ ಹಾಕುವಾಗ ತಾರಸಿಯ ಮೋರಿಯ ಹತ್ತಿರ ಫಳಫಳ ಹೊಳೆಯುವ ಗುಂಡೊಂದು ಉರುಳಾಡುತ್ತಿತ್ತು. ಅಂಗೈಗೆ ಹಾಕಿಕೊಂಡರೆ ಹಿಡಿತಕ್ಕೇ ಸಿಗದೆ ಓಡುತ್ತಿತ್ತು. ಮದುವೆಗೆ ಬಂದ ಮಗಳಿರುವ ಹೆಂಗಸು, ಸುತ್ತ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಒಂದಷ್ಟು ಹೊತ್ತು ಅದರ ಜೊತೆ ಚಿಕ್ಕ ಹುಡುಗಿಯ ಹಾಗೆ ಆಡಿದ್ದರು. ಆಮೇಲೆ ಕೆಳಗಿಳಿದು ದೇವರ ಮುಂದೆ ನಿಂತು, ದಿನವೂ ಮಾಡುವಂತೆ ತಾಳಿಯನ್ನು ಅದೇ ಅಂಗೈಯಲ್ಲಿ ಹಿಡಿದು ಕುಂಕುಮ ಹಚ್ಚಿ ಕಣ್ಣಿಗೊತ್ತಿಕೊಂಡಿದ್ದರು.

ಸಂಜೆಗೆ ತಾಳಿ ಬೆಳ್ಳಗಾಗಿತ್ತು. ಬೆಳ್ಳಿಯ ಬಿಳುಪಲ್ಲ, ಹೆಣದ ಬಿಳುಪು ಎಂದರು ಅಕ್ಕಯ್ಯಮ್ಮ. ಉಜ್ಜಿದರು, ಹುಣಸೆಹಣ್ಣು ಹಾಕಿ ತೊಳೆದರು, ಹೋಗಲಿಲ್ಲ.

"ಅವ್ರಿಗೆ ಹೋದ ವರ್ಷ ಹಾರ್ಟ್ ಆಪರೇಷನ್ ಆಗಿದೆ ಅಕ್ಕ. ತಾಳಿ ಬಿಳುಪಾಯ್ತು ಅಂತ ನಾನು ಯಾರ ಹತ್ರ ಹೇಳ್ಲಿ? ಬಿಳಿ ತಾಳಿ ಹಾಕ್ಕೊಂಡು ಮಗಳ ಮದ್ವೇಲಿ ಹೆಂಗೆ ಓಡಾಡ್ಲಿ?"

ಇಷ್ಟು ಹೊತ್ತು ಮೇಡಂ ಆಗಿದ್ದವರು ಅಕ್ಕ ಆಗಿದ್ದರು. ಪಟಾಲಮ್ಮ ಸುಮ್ಮನೆ ತಲೆಯಾಡಿಸಿದರು. ಅವರು ವಿಧವೆಯಾಗಿ ಬಹಳ ಕಾಲವಾಗಿತ್ತು. ಆ ಭಯದ ರುಚಿ ಅವರಿಗೆ ಗೊತ್ತಿತ್ತು.

ಕೊನೆಗೆ ಅಕ್ಕಯ್ಯಮ್ಮ ಗುಟ್ಟಾಗಿ ಪದ್ಮನಾಭನ ಹತ್ತಿರ ಹೋಗಿದ್ದರು. ಅವನು ನಕ್ಕು, ಇದು ಶಕುನವೂ ಅಲ್ಲ ಏನೂ ಅಲ್ಲ, ರಸ ಅಂಟಿದೆ ಅಷ್ಟೇ, ಕಾಯಿಸಿದರೆ ಬಿಟ್ಟುಹೋಗುತ್ತದೆ ಎಂದಿದ್ದ. ಬರಿಯ ಒಲೆಯ ಮೇಲೆ ಕಾಯಿಸಲು ಹೋಗಬೇಡಿ, ನನ್ನ ಭಟ್ಟಿಯಲ್ಲೇ ಉಂಡೆಯ ಜೊತೆ ಇಡುತ್ತೇನೆ ಎಂದು ಹೇಳಿ, ಗುರುವಾರ ಒಂದು ಮಣ್ಣಿನ ಹಣತೆಯಲ್ಲಿ ತಾಳಿಯನ್ನು ಹಾಕಿ ಉಂಡೆಯ ಪಕ್ಕ ಇಟ್ಟಿದ್ದ. ಬೆಳಿಗ್ಗೆ ಕೊಡುವುದಾಗಿ ಮಾತು. ಆದರೆ ಸಂಜೆ ಕುಲದ ಹಿರಿಯರಿಂದ ಫೋನ್ ಬಂತು. ಶುಕ್ರವಾರ ಹೊತ್ತು ಚೆನ್ನಾಗಿಲ್ಲ, ತಾಳಿ ಶಾಸ್ತ್ರಕ್ಕೆ ಈಗಲೇ ಬರುತ್ತೇವೆ ಎಂದರು. ಅಕ್ಕಯ್ಯಮ್ಮನ ಕತ್ತು ಬೋಳಾಗಿತ್ತು.

ಪದ್ಮನಾಭ ಆಗಷ್ಟೇ ಟೀ ಕುಡಿಯಲು ಇಳಿದಿದ್ದ. ಇವರು ಸಂಡಿಗೆಯ ಪಂಚೆಯಿಂದ ತಿರುಪು ಬಿಚ್ಚಿದರು. ಹೊಗೆ ಬರಲಿಲ್ಲ, ವಾಸನೆಯೂ ಬರಲಿಲ್ಲ. ಬಿಸಿಗಾಳಿ ಮುಖಕ್ಕೆ ಹೊಡೆಯಿತು, ಅಷ್ಟೇ. ಒಳಗೆ ಹಣತೆ ಮಗುಚಿ ತಾಳಿ ಉಂಡೆಗೆ ಕಚ್ಚಿಕೊಂಡಿತ್ತು. ಬಿಡಿಸಲು ಆಗಲಿಲ್ಲ. ಸೌಟಿನಿಂದ ಎರಡನ್ನೂ ಒಟ್ಟಿಗೇ ಎತ್ತಿ ಸಂಡಿಗೆ ಹಿಟ್ಟಿನ ಖಾಲಿ ಪಾತ್ರೆಗೆ ಹಾಕಿಕೊಂಡರು.

ಅಷ್ಟರಲ್ಲಿ ಪದ್ಮನಾಭ ಮೇಲೆ ಬಂದ. ಇವರನ್ನು ಕಂಡವನು ಬಯ್ಯಲಿಲ್ಲ. ಉಸಿರು ಬಿಗಿಹಿಡಿದುಕೊಂಡು ಕೆಳಗೆ ಹೋಗಿ ಎಂದು ಭುಜ ಹಿಡಿದು ಆಚೆಗೆ ತಳ್ಳಿದ. ಮೊಳೆಯಲ್ಲಿದ್ದ ಮುಖವಾಡ ತೆಗೆದುಕೊಳ್ಳುವಷ್ಟೂ ತಡೆಯದೆ ಭಟ್ಟಿಯ ಮೇಲೆ ಬಾಗಿ ಬೆಂಕಿ ಆರಿಸಿದ, ಮುಚ್ಚಳ ಕೂರಿಸಿದ, ತಿರುಪು ಬಿಗಿದ. ಒಳಗೆ ಉಂಡೆ ಇದೆಯೋ ಇಲ್ಲವೋ ನೋಡಲೇ ಇಲ್ಲ. ಮೆಟ್ಟಿಲಿನಿಂದ ತಿರುಗಿ ನೋಡಿದಾಗ ಅವನು ಇನ್ನೂ ಬಗ್ಗಿಯೇ ಇದ್ದ.

"ನನ್ನ ಉಳಿಸೋಕೆ ಹೋಗಿ ಅವ್ನು ಹಂಗಾದ," ಎಂದರು ಅಕ್ಕಯ್ಯಮ್ಮ. "ನಾನು ಕಾಫಿ ಕಾಸಿ ಪೊಲೀಸ್ನೋರಿಗೆ ಕೊಟ್ಟೆ."

ಹೊಸಿಲಾಚೆ ನಿಂತಿದ್ದ ಪುಟ್ಟಲಕ್ಷ್ಮಿಗೆ ಎಲ್ಲವೂ ಕೇಳಿಸಿತ್ತು. ಅವಳು ಒಳಗೆ ಬಂದಳು. ಅಕ್ಕಯ್ಯಮ್ಮನ ಎದುರು ನಿಂತು, ಆಮೇಲೆ ಗೋಡೆಗೆ ಒರಗಿ ಅತ್ತಳು. ಸಿಟ್ಟಿಗಿಂತ ಹೆಚ್ಚಾಗಿ ಗಂಡನ ಮೇಲಿನ ಹೆಮ್ಮೆಗೆ ಅಳುತ್ತಿದ್ದಳು ಎಂದು ಪಟಾಲಮ್ಮನಿಗೆ ಅನ್ನಿಸಿತು. ಅದನ್ನು ಸರಿಯೋ ತಪ್ಪೋ ನೋಡುತ್ತ ಕೂರಲು ಸಮಯವಿರಲಿಲ್ಲ.

"ಉಂಡೆ ಈಗ ಎಲ್ಲಿದೆ ಅಕ್ಕಯ್ಯಮ್ಮೋರೆ?"

ಅಕ್ಕಯ್ಯಮ್ಮ ಗೋಡೆಯ ಗಡಿಯಾರ ನೋಡಿದರು. ನೋಡಿದವರೇ ಚಾಪೆಯಿಂದ ಎದ್ದು ನಿಂತರು.

"ಗಂಟಲ್ಲಿ," ಎಂದರು.

ಅವರ ಕುಲದಲ್ಲಿ ಒಂದು ಪದ್ಧತಿ ಇತ್ತು. ಮಗಳ ತಾಳಿಗೆ ತಾಯಿಯ ತಾಳಿಯಿಂದ ಒಂದಿಷ್ಟು ಚಿನ್ನ ಸೇರಬೇಕು. ತಾಯಿ ಅದನ್ನು ರೇಷ್ಮೆ ಬಟ್ಟೆಯಲ್ಲಿ ಕಟ್ಟಿ ಹಿರಿಯರ ಕೈಗೆ ಕೊಡುತ್ತಾಳೆ. ಅದಕ್ಕೆ ತಾಯಿ ಗಂಟು ಎನ್ನುತ್ತಾರೆ. ಕಟ್ಟಿದ ಗಂಟನ್ನು ಯಾರೂ ಬಿಚ್ಚಿ ನೋಡುವಂತಿಲ್ಲ, ಎಷ್ಟಿದೆ ಎಂದು ಕೇಳುವಂತಿಲ್ಲ. ಗಂಡಿನ ಮನೆಯ ದೇವರ ಕೋಣೆಯಲ್ಲಿ ಅಕ್ಕಸಾಲಿಗ ಅದನ್ನು ಬಟ್ಟೆ ಸಮೇತ ಮೂಸೆಗೆ ಹಾಕಿ ಕರಗಿಸುತ್ತಾನೆ. ಹೆತ್ತವಳು ಅದನ್ನು ನೋಡಬಾರದು, ಅವಳು ತನ್ನ ಮನೆಯಲ್ಲೇ ಇರಬೇಕು. ಚಿನ್ನ ಕರಗುವವರೆಗೆ ಕೋಣೆಯ ಬಾಗಿಲು ತೆರೆಯಬಾರದು.

ಅಕ್ಕಯ್ಯಮ್ಮ ತಾಳಿ ಕಚ್ಚಿಕೊಂಡಿದ್ದ ಉಂಡೆಯನ್ನೇ ಒಳಗೆ ರೇಷ್ಮೆಯಲ್ಲಿ ಕಟ್ಟಿ ಹಿರಿಯರ ಕೈಗೆ ಕೊಟ್ಟಿದ್ದರು. ಮದುವೆ ಮುಗಿಯಲಿ, ಪದ್ಮನಾಭನಿಗೆ ಅಷ್ಟೇ ತೂಕದ ಚಿನ್ನ ಕೊಟ್ಟು ಕಾಲು ಹಿಡಿದರಾಯಿತು ಎಂದುಕೊಂಡಿದ್ದರು. ತಾಳಿ ಕರಗಿ ಮಗಳ ತಾಳಿಯಾದರೆ ಬಿಳುಪಿನ ಗುಟ್ಟೂ ಅದರ ಜೊತೆಯೇ ಕರಗಿಹೋಗುತ್ತಿತ್ತು.

"ದೇವರ ಕೋಣೇಲಿ ಯಾರ್ಯಾರು ಇರ್ತಾರೆ?"

"ಎಲ್ರೂ. ನಮ್ಮೆಜಮಾನ್ರು, ಬೀಗರು ಮುನಿಯಪ್ಪನೋರು, ಅವರ ತಾಯಿ. ಕವನಾ ಮೂಸೆ ಮುಂದೇನೇ ಕೂತಿರ್ತಾಳೆ."

ಪಟಾಲಮ್ಮ ಗಾಬರಿಯನ್ನು ಮುಖಕ್ಕೆ ಬರಗೊಡಲಿಲ್ಲ. ಅಕ್ಕಯ್ಯಮ್ಮನಿಗೆ ಲಿಂಗಪ್ಪನವರಿಗೂ ಕವನಾಳಿಗೂ ಫೋನ್ ಮಾಡಲು ಹೇಳಿ, ತಾವು ಗುರುಸಿದ್ದಯ್ಯನಿಗೆ ಹಚ್ಚಿದರು. ಈ ಸಲ ಅವನು ನಿಟ್ಟುಸಿರು ಬಿಡಲಿಲ್ಲ. ವಿಳಾಸ ಕೇಳಿದ, ಹತ್ತಿರದ ಗಸ್ತು ಗಾಡಿಯನ್ನು ಕಳಿಸುತ್ತೇನೆ, ತಾನೂ ಹೊರಟೆ ಎಂದ. ಆಂಬುಲೆನ್ಸಿಗೂ ಹೇಳು, ಹೋದವರು ಮೊದಲು ಬಾಗಿಲು ಕಿಟಕಿ ತೆಗೆದು ಎಲ್ಲರನ್ನೂ ಬೀದಿಗೆ ತರಲಿ, ಮೂಸೆಯ ಹತ್ತಿರ ಬಗ್ಗಬಾರದು ಎಂದರು ಪಟಾಲಮ್ಮ.

ಲಿಂಗಪ್ಪನವರ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಕವನಾಳದು ಸ್ವಿಚ್ ಆಫ್. ಶಾಸ್ತ್ರ ಮುಗಿಯುವವರೆಗೆ ಫೋನುಗಳನ್ನೆಲ್ಲ ಒಂದು ತಟ್ಟೆಯಲ್ಲಿ ಹಾಕಿ ಆಚೆ ಇಟ್ಟಿರುತ್ತಾರೆ ಎಂದರು ಅಕ್ಕಯ್ಯಮ್ಮ. ಮತ್ತೆ ಕೆಮ್ಮಿದರು. ನೀವೂ ಆಸ್ಪತ್ರೆಗೆ ಬರಬೇಕು ಎಂದು ಪಟಾಲಮ್ಮ ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ.

"ಲೈವ್ ಇದೆ," ಎಂದಳು ಪುಟ್ಟಲಕ್ಷ್ಮಿ ಗೋಡೆಯ ಕಡೆಯಿಂದ. ಕಣ್ಣು ಒರೆಸಿಕೊಂಡು ತನ್ನ ಫೋನ್ ತೆಗೆದಳು. ಬರಲಾಗದವರು ನೋಡಲೆಂದು ಕವನಾ ನೆಂಟರಿಗೂ ಬೀದಿಯವರಿಗೂ ಲಿಂಕ್ ಕಳಿಸಿದ್ದಳಂತೆ.

ತೆರೆಯ ಮೇಲೆ ದೇವರ ಕೋಣೆ ಕಾಣಿಸಿತು. ಕ್ಯಾಮೆರಾವನ್ನು ಮೂಲೆಯಲ್ಲಿ ನಿಲ್ಲಿಸಿ, ಕ್ಯಾಮೆರಾದವರನ್ನು ಆಚೆ ಕಳಿಸಿದ್ದರು. ಬಾಗಿಲು ಮುಚ್ಚಿತ್ತು. ಕಿಟಕಿಗೆ ಕೆಂಪು ಪರದೆ ಎಳೆದಿದ್ದರು. ಚಾಪೆಯ ಮೇಲೆ ಎಲ್ಲರೂ ಒತ್ತೊತ್ತಾಗಿ ಕೂತಿದ್ದರು, ಲಿಂಗಪ್ಪನವರು ಒಂದು ಕೈಯಲ್ಲಿ ಎದೆ ಸವರಿಕೊಳ್ಳುತ್ತಿದ್ದರು. ನಡುವೆ ಇದ್ದಿಲು ಆಗಲೇ ಕೆಂಪಾಗಿತ್ತು. ಅದರ ಮೇಲೆ ಮೂಸೆ. ಅಕ್ಕಸಾಲಿಗ ಎರಡೂ ಕೈಯಲ್ಲಿ ಹಸಿರು ರೇಷ್ಮೆಯ ಗಂಟನ್ನು ಎತ್ತಿ ಎಲ್ಲರಿಗೂ ತೋರಿಸಿ, ಮೂಸೆಯೊಳಗೆ ಇಳಿಸಿದ.

ಅಕ್ಕಯ್ಯಮ್ಮ ನೋಡಬಾರದ್ದನ್ನು ಎವೆ ಮುಚ್ಚದೆ ನೋಡುತ್ತಿದ್ದರು.

ಪಟಾಲಮ್ಮ ಪುಟ್ಟಲಕ್ಷ್ಮಿಯ ಕೈಯಿಂದ ಫೋನ್ ತೆಗೆದುಕೊಂಡರು. ಕೆಳಗೆ ನೆಂಟರಿಷ್ಟರ ಶುಭಾಶಯಗಳು ಒಂದರ ಹಿಂದೊಂದು ಬರುತ್ತಿದ್ದವು. ಅವರು ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದರು. ಬೆಂಕಿ ಆರಿಸಿ. ಚಿನ್ನದಲ್ಲಿ ವಿಷ ಇದೆ. ಎಲ್ಲರೂ ಆಚೆ ಬನ್ನಿ.

ಅವರ ಮಾತು ತೆರೆಯ ಮೇಲೆ ಬಂತು. ಮುಗಿದ ಕೈಗಳ ಚಿತ್ರವೊಂದು ಅದನ್ನು ಮೇಲಕ್ಕೆ ತಳ್ಳಿತು. ನೂರ್ಕಾಲ ಬಾಳು ಕವನಾ ಎಂದು ಯಾರೋ ಬರೆದರು, ಅದು ಇನ್ನೂ ಮೇಲೆ ಹೋಯಿತು. ಅವರು ಮತ್ತೆ ಬರೆಯತೊಡಗಿದರು.

ಮೂಸೆಯಲ್ಲಿ ರೇಷ್ಮೆ ಕಪ್ಪಾಗಿ ಸುರುಟಿಕೊಳ್ಳುತ್ತಿತ್ತು. ಅಕ್ಕಸಾಲಿಗ ಊದುಗೊಳವೆಯನ್ನು ಕಣ್ಣಿಗೊತ್ತಿಕೊಂಡು ಕವನಾಳ ಕೈಗೆ ಕೊಟ್ಟ.

"ಮೊದಲ ಉಸಿರು ಮದುಮಗಳೇ ಊದಬೇಕು," ಎಂದರು ಅಕ್ಕಯ್ಯಮ್ಮ ಮೆಲ್ಲಗೆ.

ಕವನಾ ಮುಂದಲೆಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು. ಮೂಸೆಯ ಮೇಲೆ ಬಾಗಿದಳು. ಊದುವ ಮುಂಚೆ ಎದೆ ತುಂಬ ಉಸಿರೆಳೆದುಕೊಂಡಳು.